ಸೀನು ಯಾವಾಗ ಬರುತ್ತದೆ, ಎಲ್ಲಿ ಬರುತ್ತದೆ?

(ಮೇಲಿಂದ ಮೇಲೆ ಸೀನುವವರಿಗಾಗಿ ಕಿವಿ-ಮೂಗು-ಗಂಟಲು ವೈದ್ಯರೊಬ್ಬರು ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೂ ತಾಯಂದಿರಿಗೂ ಯುವಮಿತ್ರರಿಗೂ ನಮಸ್ಕಾರ.

ಸೀನಿನ ತೊಂದರೆ ಹೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಕಾಯಿಲೆಯ ಹೆಸರನ್ನು ತಾವೇ ತಂದಿರುತ್ತಾರೆ. "ಡಾಕ್ಟ್ರೇ, ನನ್ನದು ಶೀತದ ಮೈ" ಎನ್ನುವವರಿದ್ದಾರೆ, "ಡಸ್ಟ್ ಅಲರ್ಜಿ" ಎನ್ನುವವರಿದ್ದಾರೆ, ರಕ್ತಪರೀಕ್ಷೆಯ ಚೀಟಿ ತೋರಿಸಿ "ಇಸ್ನೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಜಾಸ್ತಿ ಇದೆಯಂತೆ" ಎನ್ನುವವರಿದ್ದಾರೆ. ಆದರೆ ಸೀನು ದಿನದ ಯಾವ ಹೊತ್ತಿನಲ್ಲಿ ಶುರುವಾಗುತ್ತದೆ, ಮನೆಯ ಯಾವ ಕೋಣೆಯಲ್ಲಿ ಹೆಚ್ಚು, ಊರು ಬಿಟ್ಟು ಹೋದಾಗ ಕಡಿಮೆಯಾಗುತ್ತದೆಯೇ ಎಂದು ಕೇಳಿದರೆ ಉತ್ತರಿಸುವವರು ವಿರಳ. ಈ ಪ್ರಶ್ನೆಗಳಿಗೆ ಉತ್ತರ ಸಿಗುವ ಮುಂಚೆಯೇ ಬರೆದುಕೊಡುವ ಮಾತ್ರೆ ಅಂದಿನ ಸೀನನ್ನು ನಿಲ್ಲಿಸಬಹುದು, ವರ್ಷಗಳಿಂದ ಬೆನ್ನು ಬಿಡದ ತೊಂದರೆಯನ್ನು ನಿಲ್ಲಿಸಲಾರದು. ಆದ್ದರಿಂದ ಇಂದಿನ ಮಾತಿನ ಹೆಚ್ಚಿನ ಪಾಲನ್ನು ಔಷಧಿಯ ಬದಲು ಈ ಪ್ರಶ್ನೆಗಳಿಗೇ ಮೀಸಲಿಟ್ಟಿದ್ದೇನೆ.

ಮೊದಲು ಸೀನು ಉಂಟಾಗುವ ಬಗೆಯನ್ನು ನೋಡೋಣ. ಒಬ್ಬ ವಯಸ್ಕ ವ್ಯಕ್ತಿ ದಿನಕ್ಕೆ ಸುಮಾರು 10,000 ಲೀಟರಿನಷ್ಟು ಗಾಳಿಯನ್ನು ಉಸಿರಾಡುತ್ತಾನೆ. ಅಷ್ಟನ್ನೂ ಬೆಚ್ಚಗೆ ಮಾಡಿ, ತೇವಗೊಳಿಸಿ, ಸೋಸಿ ಶ್ವಾಸಕೋಶಕ್ಕೆ ಕಳುಹಿಸುವ ಕೆಲಸ ಮೂಗಿನದು. ಮೂಗಿನ ಒಳಪದರದ ಮೇಲೆ ಸಿಂಬಳದ ತೆಳುವಾದ ಲೇಪವೂ ಅದರ ಕೆಳಗೆ ಸದಾ ಬಡಿಯುತ್ತಿರುವ ಸೂಕ್ಷ್ಮ ರೋಮಗಳೂ ಇವೆ. ಸಿಕ್ಕಿಬಿದ್ದ ಕಣಗಳನ್ನು ಈ ರೋಮಗಳು ಗಂಟಲಿನ ಕಡೆಗೆ ಸಾಗಿಸುತ್ತವೆ. ಕೆರಳಿಸುವ ವಸ್ತು ತಾಕಿದಾಗ ಮುಖದ ಸಂವೇದನೆಯನ್ನು ಒಯ್ಯುವ ಟ್ರೈಜೆಮಿನಲ್ ನರದ ಮೂಲಕ ಮೆದುಳಿನ ಕಾಂಡಕ್ಕೆ ಸುದ್ದಿ ಮುಟ್ಟುತ್ತದೆ. ಅಲ್ಲಿಂದ ಹೊರಡುವ ಆಜ್ಞೆಗೆ ಎದೆ, ಹೊಟ್ಟೆ, ಗಂಟಲು, ಮುಖ ಇವೆಲ್ಲದರ ಸ್ನಾಯುಗಳು ಒಂದು ಕ್ರಮದಲ್ಲಿ ಬಿಗಿಯುತ್ತವೆ, ಕಣ್ಣು ತಾನಾಗಿ ಮುಚ್ಚುತ್ತದೆ, ಒಳಗೆಳೆದ ಗಾಳಿ ರಭಸದಿಂದ ಹೊರಬೀಳುತ್ತದೆ. ಸೀನುವಾಗ ಹೃದಯ ನಿಲ್ಲುತ್ತದೆ ಎಂಬ ಮಾತು ನಿಜವಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸೀನಿನ ಒತ್ತಡ ತಾಕಿದಾಗ ಆರೋಗ್ಯವಂತ ಮೂಗಿನ ರೋಮಗಳು ಇನ್ನಷ್ಟು ಚುರುಕಾಗಿ ಬಡಿಯತೊಡಗುತ್ತವೆ. ಬಹುಕಾಲದ ಸೈನಸ್ ತೊಂದರೆ ಇರುವವರ ಮೂಗಿನಲ್ಲಿ ಈ ಚುರುಕು ಕಾಣಲಿಲ್ಲ. ಕಣವನ್ನು ಹೊರದಬ್ಬುವುದರ ಜೊತೆಗೆ ಮೂಗಿನ ಶುಚಿ ವ್ಯವಸ್ಥೆಯನ್ನು ಮತ್ತೆ ಹದಕ್ಕೆ ತರುವ ಕೆಲಸವೂ ಸೀನಿನದು ಎಂದಾಯಿತು.

ಹೀಗಿರುವಾಗ ಸೀನನ್ನು ಅದುಮಬಾರದು. ಮನೆಯಿಂದ ಯಾರಾದರೂ ಹೊರಡುವ ಹೊತ್ತಿಗೆ ಒಂಟಿ ಸೀನು ಬಂದರೆ ಅಪಶಕುನ ಎಂಬ ನಂಬಿಕೆಗೆ ಅಂಜಿ ಮಕ್ಕಳೂ ಸೊಸೆಯಂದಿರೂ ಮೂಗು ಹಿಡಿದು, ಬಾಯಿ ಮುಚ್ಚಿ ಸೀನನ್ನು ನುಂಗಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಇದು ನನಗೆ ನಿಜಕ್ಕೂ ಸಂಕಟದ ಸಂಗತಿ. ಚರಕಸಂಹಿತೆಯು ತಡೆಹಿಡಿಯಬಾರದ 13 ವೇಗಗಳ, ಅಂದರೆ ಶರೀರದ ಸಹಜ ಒತ್ತಡಗಳ, ಪಟ್ಟಿಯಲ್ಲಿ ಸೀನನ್ನೂ ಸೇರಿಸಿ, ಅದನ್ನು ತಡೆದರೆ ಕತ್ತು ಬಿಗಿಯುವುದು, ತಲೆನೋವು ಮುಂತಾದ ತೊಂದರೆಗಳಾಗುತ್ತವೆ ಎಂದಿದೆ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ 34 ವರ್ಷದ ವ್ಯಕ್ತಿಯೊಬ್ಬರು ಮೂಗು, ಬಾಯಿ ಎರಡನ್ನೂ ಮುಚ್ಚಿ ಸೀನಿದಾಗ ಗಂಟಲಿನ ಒಳಗೋಡೆ ಹರಿದು, ಕತ್ತಿನ ಅಂಗಾಂಶಗಳಿಗೆ ಗಾಳಿ ನುಗ್ಗಿ, ಅವರು ಆಸ್ಪತ್ರೆಯಲ್ಲಿ ನಳಿಕೆಯ ಮೂಲಕ ಆಹಾರ ಪಡೆಯಬೇಕಾಯಿತೆಂದು 2018ರಲ್ಲಿ ವೈದ್ಯಕೀಯ ವರದಿ ಪ್ರಕಟವಾಗಿದೆ. ಇಂಥದ್ದು ಬಲು ಅಪರೂಪ, ನಿಜ. ಆದರೂ ಸೀನು ಬಂದಾಗ ಕರವಸ್ತ್ರವನ್ನೋ ಮಡಿಸಿದ ಮೊಣಕೈಯನ್ನೋ ಮುಖಕ್ಕೆ ಅಡ್ಡ ಹಿಡಿದು, ಧಾರಾಳವಾಗಿ ಸೀನಿಬಿಡುವುದೇ ಸರಿ.

ಒಂದೆರಡು ಸೀನು ಎಲ್ಲರಿಗೂ ಬರುತ್ತವೆ. ಬಿಸಿಲಿಗೆ ಕಾಲಿಟ್ಟ ಕೂಡಲೇ ಎರಡು ಮೂರು ಸೀನು ಬರುವವರೂ ನಮ್ಮ ನಡುವೆ ಸಾಕಷ್ಟಿದ್ದಾರೆ. ಇದು ವಂಶದಲ್ಲಿ ಹರಿದುಬರುವ ಗುಣ, ಚಿಕಿತ್ಸೆ ಬೇಡ. ವೈರಸ್ಸಿನಿಂದ ಬರುವ ನೆಗಡಿಯಲ್ಲಿ ಸೀನಿನೊಂದಿಗೆ ಗಂಟಲು ಕೆರೆತ, ಮೈಕೈ ನೋವು, ಕೆಲವೊಮ್ಮೆ ಜ್ವರ ಸೇರಿಕೊಂಡು, ನೀರಿನಂಥ ಸಿಂಬಳ ಕ್ರಮೇಣ ಗಟ್ಟಿಯಾಗಿ, ವಾರ ಹತ್ತು ದಿನಗಳಲ್ಲಿ ಎಲ್ಲವೂ ಇಳಿಯುತ್ತದೆ. ಅಲರ್ಜಿಯ ಸೀನಿನ ಸ್ವಭಾವ ಬೇರೆ. ಹತ್ತು, ಹದಿನೈದು, ಇಪ್ಪತ್ತು ಸೀನುಗಳು ಒಂದರ ಹಿಂದೆ ಒಂದು ಬರುತ್ತವೆ, ಮೂಗು, ಕಣ್ಣು, ಬಾಯಿಯ ಅಂಗುಳ, ಕೆಲವರಿಗೆ ಕಿವಿಯ ಒಳಗೂ ತುರಿಕೆಯಿರುತ್ತದೆ, ಮೂಗಿನಿಂದ ತಿಳಿನೀರು ಸುರಿಯುತ್ತದೆ, ಜ್ವರವಿರುವುದಿಲ್ಲ, ವಾರಗಳು ಕಳೆದರೂ ಮುಗಿಯುವುದಿಲ್ಲ. ಜಗತ್ತಿನ ವಯಸ್ಕರಲ್ಲಿ ಶೇ. 10ರಿಂದ 30ರಷ್ಟು ಜನರಿಗೆ ಮೂಗಿನ ಅಲರ್ಜಿ ಇದೆಯೆಂಬ ಅಂದಾಜಿದೆ.

ಈ ತಿಳಿವಳಿಕೆ ನಮಗೆ ಬಂದದ್ದು ಸೀನುತ್ತಿದ್ದ ವೈದ್ಯರಿಂದಲೇ. ಜಾನ್ ಬೋಸ್ಟಾಕ್ ಎಂಬ ವೈದ್ಯರು 1819ರಲ್ಲಿ ಲಂಡನ್ನಿನ ವೈದ್ಯರ ಸಭೆಯ ಮುಂದೆ, ಪ್ರತಿ ಬೇಸಗೆಯಲ್ಲೂ ತಮ್ಮನ್ನೇ ಕಾಡುತ್ತಿದ್ದ ಕಣ್ಣುರಿ ಮತ್ತು ಸೀನಿನ ಬಾಧೆಯನ್ನು ವಿವರಿಸಿದರು. ಅದಕ್ಕೆ ಹುಲ್ಲಿನ ಪರಾಗವೇ ಕಾರಣವೆಂದು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ, ತಾವೂ ಅದೇ ಬಾಧೆಗೆ ಒಳಗಾದವರು, ಅಂಟು ಸವರಿದ ಗಾಜಿನ ಪಟ್ಟಿಗಳಲ್ಲಿ ಗಾಳಿಯ ಪರಾಗವನ್ನು ಹಿಡಿದು ಎಣಿಸಿ, ಗಾಳಿಪಟದಲ್ಲಿ ಆ ಪಟ್ಟಿಗಳನ್ನು ಮೇಲಕ್ಕೆ ಕಳುಹಿಸಿ ನೋಡಿ, 1873ರಲ್ಲಿ ತೋರಿಸಿಕೊಟ್ಟರು. ಶರೀರದೊಳಗೆ ಏನು ನಡೆಯುತ್ತದೆ ಎಂಬುದು ಸ್ಪಷ್ಟವಾಗಲು ಮತ್ತೆ ಸುಮಾರು ಒಂದು ಶತಮಾನ ಬೇಕಾಯಿತು. 1960ರ ದಶಕದ ಉತ್ತರಾರ್ಧದಲ್ಲಿ, ಅಮೆರಿಕದಲ್ಲಿದ್ದ ಇಶಿಜಾಕಾ ದಂಪತಿಯೂ ಸ್ವೀಡನ್ನಿನ ಸಂಶೋಧಕರೂ ಪ್ರತ್ಯೇಕವಾಗಿ ಐಜಿಇ ಎಂಬ ಪ್ರತಿಕಾಯವನ್ನು ಗುರುತಿಸಿದರು. ಅಲರ್ಜಿ ಇರುವವರ ಶರೀರ ನಿರುಪದ್ರವಿಯಾದ ಪರಾಗ ಅಥವಾ ಧೂಳಿನ ಪ್ರೋಟೀನಿಗೆ ಈ ಐಜಿಇಯನ್ನು ತಯಾರಿಸಿ, ಮೂಗಿನ ಪದರದ ಮಾಸ್ಟ್ ಎಂಬ ರಕ್ಷಣಾ ಕೋಶಗಳ ಮೇಲೆ ಕೂರಿಸಿಟ್ಟಿರುತ್ತದೆ. ಅದೇ ವಸ್ತು ಮತ್ತೆ ಒಳಬಂದಾಗ ಕೋಶಗಳಿಂದ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಬಿದ್ದು ಕೆಲವೇ ನಿಮಿಷಗಳಲ್ಲಿ ಸೀನು, ತುರಿಕೆ, ನೀರು ಶುರುವಾಗುತ್ತವೆ. ಕೆಲವು ಗಂಟೆಗಳ ಬಳಿಕ ಇತರ ಕೋಶಗಳು ಬಂದು ಸೇರಿ ಪದರ ಊದಿಕೊಂಡು ಮೂಗು ಕಟ್ಟುತ್ತದೆ. ಎರಡು ಹಂತಗಳಿವೆ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಔಷಧಿಯ ಮಾತು ಬಂದಾಗ ಇದು ಬೇಕಾಗುತ್ತದೆ.

ಈಗ ನಮ್ಮ ಮನೆಗಳೊಳಗೆ ಬರೋಣ. ಬೆಳಿಗ್ಗೆ ಹಾಸಿಗೆಯಲ್ಲಿ ಎದ್ದು ಕೂತೊಡನೆ ಸೀನು ಶುರುವಾಗಿ, ಸ್ನಾನ ಮುಗಿಸಿ ಹೊರಬಿದ್ದ ಮೇಲೆ ಕಡಿಮೆಯಾಗುವುದಾದರೆ ನನ್ನ ಮೊದಲ ಸಂಶಯ ಧೂಳುಹುಳದ ಮೇಲೆ. ಇದು ಜೇಡನ ಬಂಧುವಾದ, ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಉದ್ದದ ಜೀವಿ. ಕಚ್ಚುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ, ನಮ್ಮ ಚರ್ಮದಿಂದ ಉದುರುವ ಹೊಟ್ಟನ್ನು ತಿಂದು ದಿಂಬು, ಹಾಸಿಗೆ, ಕೌದಿ, ಸೋಫಾಗಳಲ್ಲಿ ಬದುಕುತ್ತದೆ. ನಮ್ಮನ್ನು ಸೀನಿಸುವುದು ಮುಖ್ಯವಾಗಿ ಅದರ ಹಿಕ್ಕೆಯಲ್ಲಿರುವ ಪ್ರೋಟೀನು. ನೀರು ಕುಡಿಯದೆ ಗಾಳಿಯ ತೇವವನ್ನೇ ಹೀರಿ ಬದುಕುವ ಈ ಹುಳಕ್ಕೆ ಗಾಳಿಯ ತೇವಾಂಶ ಶೇ. 50ಕ್ಕಿಂತ ಕೆಳಗಿಳಿದರೆ ಬಾಳುವುದು ಕಷ್ಟ. ಕರಾವಳಿ, ಮಲೆನಾಡುಗಳ ಮನೆಗಳು ಇದಕ್ಕೆ ಹೇಳಿ ಮಾಡಿಸಿದ ತಾಣಗಳಾಗಿರುವುದು ಈ ಕಾರಣದಿಂದಲೇ. ಅಲ್ಲಿ ಮಳೆಗಾಲದಲ್ಲಿ ಗೋಡೆಗೂ ಬಟ್ಟೆಯ ಪೆಟ್ಟಿಗೆಗೂ ಹಿಡಿಯುವ ಬೂಷ್ಟು ಇನ್ನೊಂದು ಕಾರಣ. ಪೇಟೆಯ ಮನೆಗಳಲ್ಲಿ ಜಿರಲೆಯ ಹಿಕ್ಕೆ, ಬೆಕ್ಕು ನಾಯಿಗಳ ಮೈಯ ಹೊಟ್ಟು ಈ ಪಟ್ಟಿಗೆ ಸೇರುತ್ತವೆ.

ಮಳೆ ಬಿದ್ದ ಕೆಲವು ವಾರಗಳ ನಂತರ, ಮನೆಯಿಂದ ಹೊರಗೆ ಹೋದಾಗ, ಖಾಲಿ ಸೈಟುಗಳ ಬಳಿ ಸೀನು ಹೆಚ್ಚುವುದಾದರೆ ಕಾಂಗ್ರೆಸ್ ಗಿಡವನ್ನು, ಅಂದರೆ ಪಾರ್ಥೇನಿಯಂ ಅನ್ನು ಗಮನಿಸಬೇಕು. ಅಮೆರಿಕ ಖಂಡದಿಂದ ಬಂದು, 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು, ಅಲ್ಲಿಂದ ದೇಶವನ್ನೆಲ್ಲ ವ್ಯಾಪಿಸಿದ ಗಿಡವಿದು. ಇದರ ಪರಾಗ ಮೂಗಿನ ಅಲರ್ಜಿಗೆ ಪ್ರಮುಖ ಕಾರಣವೆಂದು ಬೆಂಗಳೂರಿನಲ್ಲೇ ನಡೆದು 1990ರ ದಶಕದ ಆರಂಭದಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿವೆ. ಇದನ್ನು ತಿನ್ನುವ ಜೀರುಂಡೆಯನ್ನು ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಜೀರುಂಡೆ ನೆಲೆಯೂರಿತು, ಗಿಡ ಮಾತ್ರ ಪೂರ್ತಿ ಹೋಗಲಿಲ್ಲ. ಹೂ ಬಿಡುವ ಮುಂಚೆ ಬೇರುಸಹಿತ ಕೀಳುವುದೇ ಇಂದಿಗೂ ಒಳ್ಳೆಯ ದಾರಿ. ಕೀಳುವವರು ಕೈಗವಸು, ಮಾಸ್ಕ್ ಧರಿಸಬೇಕು. ಅಲರ್ಜಿ ಇರುವವರು ಈ ಕೆಲಸಕ್ಕೆ ಕೈಹಾಕಲೇಬಾರದು.

ಎಲ್ಲ ಸೀನೂ ಅಲರ್ಜಿಯಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ನಿಂತವರೂ, ಒಗ್ಗರಣೆಯ ಘಾಟಿಗೆ ಎದುರಾದವರೂ ಸೀನುವುದು ಐಜಿಇಯಿಂದಲ್ಲ. ಮೆಣಸಿನ ಖಾರದ ಅಂಶ ನರತುದಿಗಳನ್ನೇ ನೇರವಾಗಿ ಕೆರಳಿಸುವುದರಿಂದ. ಕೆಲವರ ಮೂಗು ಇಂಥ ಕೆರಳಿಕೆಗೆ ಅತಿಸೂಕ್ಷ್ಮವಾಗಿರುತ್ತದೆ. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆಬತ್ತಿಗಳ ಹೊಗೆ, ಸೆಂಟಿನ ವಾಸನೆ, ಎ.ಸಿ. ಕೋಣೆಯಿಂದ ಬಿಸಿಲಿಗೆ ಬರುವುದು, ಇಷ್ಟಕ್ಕೇ ಅವರಿಗೆ ಸೀನೂ ನೀರೂ ಬರುತ್ತವೆ. ಅಲರ್ಜಿ ಪರೀಕ್ಷೆಗಳಲ್ಲಿ ಏನೂ ಕಾಣುವುದಿಲ್ಲ, ಅಲರ್ಜಿಯ ಮಾತ್ರೆಯಿಂದ ಹೆಚ್ಚಿನ ಉಪಯೋಗವೂ ಇಲ್ಲ. ಇವರ ಚಿಕಿತ್ಸೆ ಬೇರೆಯಾದ್ದರಿಂದಲೇ ಆರಂಭದ ಪ್ರಶ್ನೆಗಳು ಮುಖ್ಯವಾಗುತ್ತವೆ.

ನನ್ನ ಸಲಹೆ ಹೀಗಿದೆ: ಒಂದು ಸಣ್ಣ ಪುಸ್ತಕ ಇಟ್ಟುಕೊಂಡು, ಒಂದು ತಿಂಗಳ ಕಾಲ, ಸೀನಿನ ಸರಮಾಲೆ ಬಂದಾಗಲೆಲ್ಲ ಹೊತ್ತು, ಜಾಗ, ಆಗ ಮಾಡುತ್ತಿದ್ದ ಕೆಲಸ ಇಷ್ಟನ್ನು ಬರೆದಿಡಿ. ಕಸ ಗುಡಿಸುವಾಗ, ಅಟ್ಟ ಇಳಿಸುವಾಗ, ಕಚೇರಿಯ ಹಳೆಯ ಕಡತ ತೆರೆಯುವಾಗ, ಭತ್ತದ ಒಕ್ಕಣೆಯ ಕಣದಲ್ಲಿ ಎಂದೆಲ್ಲ ಅದರಲ್ಲಿ ದಾಖಲಾದರೆ, ಸಾವಿರಾರು ರೂಪಾಯಿಯ ಪರೀಕ್ಷೆ ಹೇಳಲಾರದ್ದನ್ನು ಆ ಪುಟಗಳು ಹೇಳುತ್ತವೆ. ವಾರದಲ್ಲಿ ಎಷ್ಟು ದಿನ ತೊಂದರೆ, ಎಷ್ಟು ವಾರಗಳಿಂದ ತೊಂದರೆ, ನಿದ್ದೆಗೂ ಕೆಲಸಕ್ಕೂ ಅಡ್ಡಿಯಾಗುತ್ತಿದೆಯೇ ಎಂಬುದನ್ನು ನೋಡಿಯೇ ವೈದ್ಯರು ಚಿಕಿತ್ಸೆಯ ತೀವ್ರತೆಯನ್ನು ನಿರ್ಧರಿಸುತ್ತಾರೆ. ಪರೀಕ್ಷೆ ಬೇಕಾದಲ್ಲಿ ಮುಂಗೈ ಚರ್ಮಕ್ಕೆ ಹನಿಯಿಟ್ಟು ಸೂಜಿಯಿಂದ ಚುಚ್ಚಿ ನೋಡುವ ವಿಧಾನ ಇಂದಿಗೂ ವಿಶ್ವಾಸಾರ್ಹ. ಅದರಲ್ಲಿ ದದ್ದು ಎದ್ದ ಮಾತ್ರಕ್ಕೆ ಆ ವಸ್ತುವೇ ಸೀನಿಗೆ ಕಾರಣ ಎಂದಾಗುವುದಿಲ್ಲ. ತಮ್ಮ ಅನುಭವದ ಜೊತೆ ಅದು ತಾಳೆಯಾಗಬೇಕು. ಇಸ್ನೋಫಿಲ್ ಹೆಚ್ಚಿರುವುದೂ ಒಂದು ಸೂಚನೆ ಮಾತ್ರ. ಹೊಟ್ಟೆಹುಳದಿಂದಲೂ ಅದು ಹೆಚ್ಚುತ್ತದೆ. ಮೊಸರು, ಬಾಳೆಹಣ್ಣು ಬಿಡಿಸಿ ಮಕ್ಕಳನ್ನು ಸೊರಗಿಸುವ ಪದ್ಧತಿಯನ್ನು ದಯವಿಟ್ಟು ಕೈಬಿಡಿ. ಆಹಾರದ ಅಲರ್ಜಿ ಬೇರೆ ಯಾವ ಲಕ್ಷಣವೂ ಇಲ್ಲದೆ ಬರೀ ಸೀನಾಗಿ ಕಾಣಿಸಿಕೊಳ್ಳುವುದು ತೀರ ಅಪರೂಪ.

ಮನೆಯಲ್ಲಿ ಮಾಡಬೇಕಾದದ್ದರಲ್ಲಿ ಹಾಸಿಗೆಯೇ ಮೊದಲು. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿಯಾದ ನೀರಿನಲ್ಲಿ ಒಗೆಯಬೇಕು. ಹಾಸಿಗೆಯನ್ನು ಬಿಸಿಲಿಗೆ ಹಾಕುವ ನಮ್ಮ ಹಿರಿಯರ ರೂಢಿ ಒಳ್ಳೆಯದೇ, ಒಣಗಿದ ಹುಳ ಸಾಯುತ್ತದೆ. ಆದರೆ ಅದರ ಹಿಕ್ಕೆ ಉಳಿದೇ ಇರುತ್ತದೆ, ಆದ್ದರಿಂದ ಬಿಸಿಲಿಗೆ ಹಾಕಿದ್ದನ್ನು ಹೊರಗೇ ಚೆನ್ನಾಗಿ ಕೊಡವಿ ಒಳಗೆ ತರಬೇಕು. ಹಳೆಯ ಹತ್ತಿಯ ದಿಂಬನ್ನು ಬದಲಿಸುವುದು, ಹಾಸಿಗೆಗೆ ಒತ್ತಾಗಿ ನೇಯ್ದ ಕವಚ ಹಾಕುವುದು, ಮಲಗುವ ಕೋಣೆಯಲ್ಲಿ ಬಟ್ಟೆಯ ರಾಶಿ, ಜಮಖಾನ, ಹಳೆಯ ಪತ್ರಿಕೆಗಳನ್ನು ಇಡದಿರುವುದು, ಇವುಗಳಲ್ಲಿ ಯಾವುದೋ ಒಂದರಿಂದ ದೊಡ್ಡ ಬದಲಾವಣೆ ಕಾಣದು, ಎಲ್ಲವೂ ಕೂಡಿ ನಡೆದರೆ ಕಾಣುತ್ತದೆ. ಒಣ ಪೊರಕೆಯಿಂದ ಗುಡಿಸುವುದು ಧೂಳನ್ನು ನೆಲದಿಂದ ಮೂಗಿಗೆ ಏರಿಸುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದು ಮೇಲು. ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಅನೇಕ ಮನೆಗಳಲ್ಲಿ ಅತಿಹೆಚ್ಚು ಸೀನುವವರು ಗೃಹಿಣಿಯರೇ ಆಗಿದ್ದರೂ ಪೊರಕೆ ಅವರ ಕೈಯಲ್ಲೇ ಇರುತ್ತದೆ, ಹಬ್ಬಕ್ಕೆ ಅಟ್ಟ ಇಳಿಸುವುದೂ ಅವರದೇ ಪಾಲಿಗೆ ಬರುತ್ತದೆ. ಈ ಕೆಲಸವನ್ನು ಮನೆಯ ಇತರರು ವಹಿಸಿಕೊಳ್ಳುವುದು ಚಿಕಿತ್ಸೆಯ ಭಾಗವೆಂದೇ ನಾನು ಭಾವಿಸುತ್ತೇನೆ.

ಇನ್ನು ಔಷಧಿ. ಹಿಸ್ಟಮಿನ್ನನ್ನು ತಡೆಯುವ ಮಾತ್ರೆಗಳಲ್ಲಿ ಹಳೆಯವು, ಅಂದರೆ ಕ್ಲೋರ್‌ಫೆನಿರಮಿನ್ ಮೊದಲಾದವು, ಮೆದುಳಿಗೂ ತಲುಪಿ ತೂಕಡಿಕೆ ತರುತ್ತವೆ. ವಾಹನ ಓಡಿಸುವವರಿಗೂ ಪರೀಕ್ಷೆಗೆ ಓದುವ ಮಕ್ಕಳಿಗೂ ಅವು ಸಲ್ಲವು. ಹೊಸ ಮಾತ್ರೆಗಳಾದ ಲೊರಾಟಡಿನ್, ಫೆಕ್ಸೊಫೆನಡಿನ್‌ಗಳಲ್ಲಿ ಈ ತೊಂದರೆ ಬಹಳ ಕಡಿಮೆ; ಸೆಟಿರಿಜಿನ್ ಕೆಲವರಿಗೆ ನಿದ್ದೆ ತರುತ್ತದೆ. ಮಾತ್ರೆ ಮೊದಲ ಹಂತವನ್ನು ತಡೆಯುತ್ತದೆ, ಊತದ ಎರಡನೆಯ ಹಂತದ ಮೇಲೆ ಅದರ ಪ್ರಭಾವ ಅಷ್ಟಕ್ಕಷ್ಟೆ. ದಿನವೂ ತೊಂದರೆ ಇರುವವರಿಗೆ ಮೂಗಿಗೆ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇ, ಅಂದರೆ ಫ್ಲುಟಿಕಾಸೋನ್, ಮೊಮೆಟಾಸೋನ್‌ನಂಥವು, ಹೆಚ್ಚು ಪರಿಣಾಮಕಾರಿ. ಬರಿಯ ಮಾತ್ರೆ ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ, ಸ್ಪ್ರೇ ಒಲೆಯ ಉರಿಯನ್ನೇ ಇಳಿಸಿದಂತೆ.

ಸ್ಟೀರಾಯ್ಡ್ ಎಂಬ ಹೆಸರು ಕೇಳಿ ಅಂಜುವವರಿಗೆ ಹೇಳುತ್ತೇನೆ: ಈ ಸ್ಪ್ರೇಗಳಿಂದ ರಕ್ತಕ್ಕೆ ಸೇರುವ ಅಂಶ ಅತ್ಯಲ್ಪ. ಅಂಜಬೇಕಾದದ್ದು, ಒಂದು ಚುಚ್ಚಿದರೆ ತಿಂಗಳುಗಟ್ಟಲೆ ಸೀನಿಲ್ಲ ಎಂದು ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ನಿಗೆ, ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡು ನುಂಗುವ ಬೀಟಾಮೆಥಾಸೋನ್, ಡೆಕ್ಸಾಮೆಥಾಸೋನ್ ಮಾತ್ರೆಗಳಿಗೆ. ಪದೇ ಪದೇ ಬಳಸಿದಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡ ಏರುವುದು, ಮೂಳೆ ಸವೆಯುವುದು ಇವೆಲ್ಲ ಅಲ್ಲಿಂದ ಬರುತ್ತವೆ.

ಸ್ಪ್ರೇ ಕೆಲಸ ಮಾಡಲಿಲ್ಲ ಎಂದು ದೂರುವವರಲ್ಲಿ ಬಹುಮಂದಿ ಅದನ್ನು ನಾಲ್ಕು ದಿನ ಹೊಡೆದು ಬಿಟ್ಟವರು, ಇಲ್ಲವೇ ಹೊಡೆಯುವ ಕ್ರಮ ತಪ್ಪಿದವರು. ಮೊದಲು ಮೂಗನ್ನು ಮೆಲ್ಲನೆ ಸೀಟಿಕೊಳ್ಳಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ಮೂತಿ ಆಯಾ ಬದಿಯ ಕಣ್ಣಿನ ಹೊರಮೂಲೆಯ ಕಡೆಗಿರುವಂತೆ ಹೊಡೆಯಿರಿ. ನಡುಗೋಡೆಯ ಮೇಲೆ ಬಿದ್ದರೆ ಅಲ್ಲಿ ಒಣಗಿ ರಕ್ತ ಬರಬಹುದು. ಜೋರಾಗಿ ಒಳಗೆಳೆಯಬೇಡಿ, ಎಳೆದರೆ ಔಷಧಿ ಗಂಟಲಿಗೆ ಇಳಿದುಹೋಗುತ್ತದೆ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು, ಸೀನು ನಿಂತ ಮರುದಿನವೇ ಬಿಡಬಾರದು. ಇದನ್ನು ಮೂಗು ಕಟ್ಟಿದಾಗ ಹಾಕುವ ಕ್ಸೈಲೊಮೆಟಾಜೊಲಿನ್ ಹನಿಗಳೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಆ ಹನಿಗಳನ್ನು ಐದು ದಿನ ಮೀರಿ ಹಾಕುತ್ತ ಹೋದರೆ ಹನಿಯಿಲ್ಲದೆ ಮೂಗೇ ತೆರೆಯದ ಸ್ಥಿತಿ ಬರುತ್ತದೆ. ರಾತ್ರಿ ದಿಂಬಿನ ಕೆಳಗೆ ಆ ಬಾಟಲಿ ಇಟ್ಟುಕೊಂಡು ವರ್ಷಗಳನ್ನು ಕಳೆದವರಿದ್ದಾರೆ.

ಉಪ್ಪುನೀರಿನಿಂದ ಮೂಗು ತೊಳೆಯುವ ಜಲನೇತಿಯನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಅಂಟಿದ ಪರಾಗ, ಧೂಳು ಹೊರಬಂದು ಔಷಧಿಯ ಅಗತ್ಯ ಕಡಿಮೆಯಾಗುತ್ತದೆ. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಸಾಕು. ಆದರೆ ನೀರನ್ನು ಕುದಿಸಿ ಆರಿಸಿಯೇ ಬಳಸಬೇಕು. ನಲ್ಲಿಯ, ಬಾವಿಯ, ಕೆರೆಯ ಹಸಿ ನೀರು ಕೂಡದು. 2024 ಮತ್ತು 2025ರಲ್ಲಿ ಕೇರಳದಿಂದ ವರದಿಯಾದ ಅಮೀಬಾ ಮೆದುಳು ಜ್ವರದ ಸೂಕ್ಷ್ಮಜೀವಿ ಮೆದುಳಿಗೆ ಹೋಗುವ ದಾರಿ ಮೂಗೇ ಆಗಿದೆ.

ಇಷ್ಟೆಲ್ಲ ಮಾಡಿಯೂ ಹತೋಟಿಗೆ ಬಾರದವರಿಗೆ, ಕಾರಣವಾದ ವಸ್ತು ಖಚಿತವಾಗಿದ್ದರೆ, ಅದನ್ನೇ ಅತ್ಯಲ್ಪ ಪ್ರಮಾಣದಿಂದ ಏರಿಸುತ್ತ ಇಂಜೆಕ್ಷನ್ ಮೂಲಕ ಅಥವಾ ನಾಲಿಗೆಯಡಿಯ ಹನಿಗಳ ಮೂಲಕ ಕೊಟ್ಟು ಶರೀರವನ್ನು ಒಗ್ಗಿಸುವ ಚಿಕಿತ್ಸೆಯಿದೆ. ಲಂಡನ್ನಿನಲ್ಲಿ ಲಿಯೊನಾರ್ಡ್ ನೂನ್ 1911ರಲ್ಲಿ ಇದರ ಮೊದಲ ವರದಿ ಪ್ರಕಟಿಸಿದರು. ಮೂರರಿಂದ ಐದು ವರ್ಷ ಬಿಡದೆ ಪಡೆಯಬೇಕು, ಇಂಜೆಕ್ಷನ್ ಬಳಿಕ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಇರಬೇಕು, ಹತೋಟಿಗೆ ಬಾರದ ಆಸ್ತಮಾ ಇರುವವರಿಗೆ ಕೊಡುವಂತಿಲ್ಲ. ಮೂಗಿನ ಮೂಳೆ ಡೊಂಕಾಗಿದೆ, ಆಪರೇಷನ್ ಮಾಡಿಸಿದರೆ ಸೀನು ನಿಲ್ಲುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಡೊಂಕು ಸರಿಪಡಿಸಿದರೆ ಉಸಿರಾಟ ಸರಾಗವಾಗಬಹುದು, ಅಲರ್ಜಿಯ ಸೀನು ನಿಲ್ಲುವುದಿಲ್ಲ.

ಮಕ್ಕಳ ವಿಷಯದಲ್ಲಿ ಹೆತ್ತವರು ನೋಡಬೇಕಾದ ಗುರುತುಗಳಿವೆ. ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜುವ ಅಭ್ಯಾಸ, ಅದರಿಂದ ಮೂಗಿನ ಮೇಲೆ ಬೀಳುವ ಅಡ್ಡಗೆರೆ, ಕಣ್ಣಿನ ಕೆಳಗೆ ಕಪ್ಪು, ಬಾಯಲ್ಲಿ ಉಸಿರಾಟ, ರಾತ್ರಿ ಗೊರಕೆ. ಇಂಥ ಮಗು ತರಗತಿಯಲ್ಲಿ ಮಂಕಾಗಿರುವುದು ನಿದ್ದೆ ಸಾಲದೆ, ಸೋಮಾರಿತನವೆಂದು ಗದರಬಾರದು. ಮಗುವಿನ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಕೀವು ಬರುತ್ತಿದ್ದರೆ ಕಡಲೆಬೀಜವೋ ಮಣಿಯೋ ಒಳಗೆ ಸಿಕ್ಕಿಕೊಂಡಿರುವ ಸಾಧ್ಯತೆಯಿದೆ, ಮನೆಯಲ್ಲಿ ತೆಗೆಯಲು ಹೋಗಬೇಡಿ. ದೊಡ್ಡವರಲ್ಲಿ ಒಂದೇ ಬದಿಯಿಂದ ರಕ್ತ, ಬಾಗಿದಾಗ ಒಂದೇ ಬದಿಯಿಂದ ತೊಟ್ಟಿಕ್ಕುವ ತಿಳಿನೀರು, ವಾಸನೆ ಗೊತ್ತಾಗದಿರುವುದು ಇವುಗಳನ್ನು ಅಲರ್ಜಿಯೆಂದು ಬಗೆದು ಕಾಯಬಾರದು. ಮೂಗೂ ಶ್ವಾಸಕೋಶವೂ ಒಂದೇ ದಾರಿಯ ಎರಡು ತುದಿಗಳು. ಆಸ್ತಮಾ ಇರುವವರಲ್ಲಿ ಬಹುಪಾಲು ಜನರಿಗೆ ಮೂಗಿನ ತೊಂದರೆಯೂ ಇರುತ್ತದೆ. ಸೀನಿನ ಜೊತೆಗೆ ರಾತ್ರಿ ಕೆಮ್ಮು, ಎದೆ ಬಿಗಿತ, ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಸೇರಿಕೊಂಡಿದ್ದರೆ ಮೂಗಿನ ಚಿಕಿತ್ಸೆಯೊಂದಿಗೆ ಶ್ವಾಸಕೋಶದ ಪರೀಕ್ಷೆಯನ್ನೂ ತಡಮಾಡದೆ ಮಾಡಿಸಿಕೊಳ್ಳಬೇಕು.